ಒಂದು ಅಂಗ, ಎರಡು ಕಾರ್ಯ

ಹೋರಿಯ ಬೀಜ ಒಡೆದರೆ ಅದು ಎತ್ತಾಗುತ್ತದೆ ಎಂಬುದು ನಮ್ಮ ರೈತರಿಗೆ ಬಹು ಹಿಂದಿನಿಂದಲೂ ತಿಳಿದಿರುವ ಸಂಗತಿ. ಬೀಜ ಒಡೆದ ಮೇಲೆ ಆ ಪ್ರಾಣಿಯಿಂದ ಕರು ಹುಟ್ಟಲಾರದು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಬದಲಾವಣೆ ಅಷ್ಟಕ್ಕೇ ನಿಲ್ಲುವುದಿಲ್ಲ. ಅದರ ಕೊರಳು ಹೋರಿಯ ಕೊರಳಿನಷ್ಟು ದಪ್ಪವಾಗುವುದಿಲ್ಲ. ಹಿಣಿಲು ಅಷ್ಟು ಎತ್ತರಕ್ಕೆ ಬೆಳೆಯುವುದಿಲ್ಲ. ಹಾಯುವ ಸ್ವಭಾವ ಇಳಿದು ನೊಗಕ್ಕೆ ಹೆಗಲು ಕೊಡುವ ಸಾಧುಪ್ರಾಣಿಯಾಗುತ್ತದೆ. ಹಿಂಗಾಲುಗಳ ನಡುವೆ ಇರುವ ಎರಡು ಸಣ್ಣ ಗ್ರಂಥಿಗಳಿಗೂ ಕೊರಳಿಗೂ ಸ್ವಭಾವಕ್ಕೂ ಏನು ಸಂಬಂಧ? ಅವುಗಳ ನಡುವೆ ಯಾವ ನಾಳವೂ ಇಲ್ಲವಷ್ಟೆ!

ಈ ಪ್ರಶ್ನೆಯನ್ನು ಭೌತವಿಜ್ಞಾನವನ್ನು ಬೋಧಿಸುವ ನಾವು ಎತ್ತಿಕೊಳ್ಳಲು ಒಂದು ಕಾರಣವುಂಟು. ಒಂದು ದಿನ ಉಷ್ಣತಾ ನಿಯಂತ್ರಕದ, ಎಂದರೆ ಥರ್ಮೊಸ್ಟ್ಯಾಟಿನ, ಪಾಠವನ್ನು ಮುಗಿಸಿ ತರಗತಿಯಿಂದ ಹೊರಬಂದಾಗ ವಿದ್ಯಾರ್ಥಿಯೊಬ್ಬನು ಹಿಂದೆಯೇ ಬಂದನು. ವ್ಯಾಯಾಮಶಾಲೆಯಲ್ಲಿ ಮೈ ಬೆಳೆಯಲೆಂದು ಹಾರ್ಮೋನಿನ ಚುಚ್ಚುಮದ್ದನ್ನು ಕೊಡುತ್ತಾರಂತೆ, ಅದನ್ನು ತೆಗೆದುಕೊಳ್ಳಬಹುದೇ ಎಂದು ತಗ್ಗಿದ ದನಿಯಲ್ಲಿ ಕೇಳಿದನು. ಆತನಿಗೆ ಕೊಡಬೇಕಾದ ಉತ್ತರ ಆ ದಿನದ ಪಾಠದಲ್ಲಿಯೇ ಅಡಗಿದ್ದಿತು. ಆ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡೋಣ.

ಬರ್ಟ್‌ಹೋಲ್ಡನ ಹುಂಜಗಳು

1849ರಲ್ಲಿ ಜರ್ಮನಿಯ ಗಟಿಂಗೆನ್ ನಗರದ ಅರ್ನಾಲ್ಡ್ ಬರ್ಟ್‌ಹೋಲ್ಡ್ ಎಂಬ ವಿಜ್ಞಾನಿಯು ಆರು ಹುಂಜಗಳ ಮೇಲೆ ತಾನು ಮಾಡಿದ ಪ್ರಯೋಗವೊಂದನ್ನು ಪ್ರಕಟಿಸಿದನು. ಹಕ್ಕಿಗಳಲ್ಲಿ ವೃಷಣಗಳು ಹೊರಗೆ ಕಾಣದೆ ಉದರದ ಒಳಗೇ ಇರುವುವು. ಆತನು ಕೆಲವು ಎಳೆಯ ಹುಂಜಗಳ ವೃಷಣಗಳನ್ನು ಪೂರ್ತಿಯಾಗಿ ತೆಗೆದುಹಾಕಿದನು. ಅವು ಸಪ್ಪೆಯಾಗಿ ಬೆಳೆದುವು. ತಲೆಯ ಮೇಲಿನ ಕೆಂಪು ಜುಟ್ಟು ದೊಡ್ಡದಾಗಲಿಲ್ಲ, ಹುಂಜದಂತೆ ಕೂಗಲಿಲ್ಲ, ಕಾದಾಡಲಿಲ್ಲ, ಹೇಂಟೆಗಳ ಗೊಡವೆಗೆ ಹೋಗಲಿಲ್ಲ. ಬೇರೆ ಕೆಲವು ಹುಂಜಗಳ ವೃಷಣಗಳನ್ನು ಅವುಗಳ ಸ್ಥಾನದಿಂದ ಬಿಡಿಸಿ, ಒಂದನ್ನು ಮಾತ್ರ ಉದರದೊಳಗೆ ಕರುಳುಗಳ ನಡುವೆ ಕಸಿ ಮಾಡಿದನು. ಈ ಹುಂಜಗಳು ಜುಟ್ಟು ಬೆಳೆಸಿಕೊಂಡು, ಕೂಗುತ್ತ, ಕಾದಾಡುತ್ತ ಎಲ್ಲ ಹುಂಜಗಳಂತೆಯೇ ಆದುವು.

ಬಳಿಕ ಆತನು ಹುಂಜಗಳನ್ನು ಕೊಯ್ದು ನೋಡಿದನು. ಕಸಿ ಮಾಡಿದ ವೃಷಣಕ್ಕೆ ಹಳೆಯ ನರಗಳ ಸಂಬಂಧ ತಪ್ಪಿಹೋಗಿದ್ದಿತು. ಆದರೆ ಹೊಸದಾಗಿ ಸಣ್ಣ ಸಣ್ಣ ರಕ್ತನಾಳಗಳು ಅದನ್ನು ಕೂಡಿಕೊಂಡಿದ್ದುವು. ಆದುದರಿಂದ ವೃಷಣವು ದೇಹದ ಇತರ ಭಾಗಗಳ ಮೇಲೆ ಪ್ರಭಾವವನ್ನು ಬೀರುವುದು ನರಗಳ ಮೂಲಕವಲ್ಲ, ರಕ್ತದ ಮೂಲಕ ಎಂದು ಆತನು ಊಹಿಸಿದನು. ಬಹು ಕಾಲ ಈ ಮಾತನ್ನು ಯಾರೂ ಲಕ್ಷಿಸಲಿಲ್ಲ. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗರು ಕರುಳಿನಿಂದ ಹೊರಟ ಒಂದು ರಾಸಾಯನಿಕವು ರಕ್ತದಲ್ಲಿ ಹರಿದು ಮೇದೋಜೀರಕ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವುದನ್ನು ತೋರಿಸಿದರು. ಇಂತಹ ರಾಸಾಯನಿಕ ದೂತರಿಗೆ ಸ್ಟಾರ್ಲಿಂಗನು 1905ರಲ್ಲಿ ‘ಹಾರ್ಮೋನು’ ಎಂಬ ಹೆಸರನ್ನು ಬಳಸಿದನು. ಕೆಲಸಕ್ಕೆ ಹಚ್ಚುವುದು, ಪ್ರಚೋದಿಸುವುದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರಿದು. ಇವನ್ನು ನೇರವಾಗಿ ರಕ್ತಕ್ಕೆ ಸೇರಿಸುವ ಗ್ರಂಥಿಗಳೇ ನಿರ್ನಾಳ ಗ್ರಂಥಿಗಳು.

ವೃಷಣದ ರಚನೆ

ಹಾಗಾದರೆ ವೃಷಣವು ನಾಳವುಳ್ಳ ಗ್ರಂಥಿಯೋ, ನಿರ್ನಾಳ ಗ್ರಂಥಿಯೋ? ಎರಡೂ ಹೌದು. ಇದೇ ಅದರ ವೈಶಿಷ್ಟ್ಯ.

ವಯಸ್ಕ ಪುರುಷನ ಒಂದೊಂದು ವೃಷಣವೂ ಸುಮಾರು 4ರಿಂದ 5 ಸೆಂಟಿಮೀಟರ್ ಉದ್ದದ, ಮೊಟ್ಟೆಯಾಕಾರದ ಅಂಗ. ಅದರ ಒಳಗೆ ಸುಮಾರು 250 ವಿಭಾಗಗಳು. ಒಂದೊಂದರಲ್ಲಿಯೂ ಒಂದರಿಂದ ನಾಲ್ಕು ನವುರಾದ ನಳಿಕೆಗಳು ಸುರುಳಿಗಟ್ಟಿಕೊಂಡಿರುವುವು. ಇವನ್ನೆಲ್ಲ ಬಿಡಿಸಿ ಒಂದಕ್ಕೊಂದು ಜೋಡಿಸಿದರೆ ಕೆಲವು ನೂರು ಮೀಟರುಗಳ ಉದ್ದವಾದೀತು. ವೀರ್ಯಾಣುಗಳು ಹುಟ್ಟುವುದು ಈ ನಳಿಕೆಗಳ ಗೋಡೆಯಲ್ಲಿ. ಅಲ್ಲಿಯೇ ಇರುವ ಸರ್ಟೋಲಿ ಜೀವಕಣಗಳು ಬೆಳೆಯುತ್ತಿರುವ ವೀರ್ಯಾಣುಗಳಿಗೆ ದಾದಿಯರಂತೆ ಆಸರೆ ಕೊಟ್ಟು ಪೋಷಿಸುವುವು. ನಳಿಕೆಗಳ ನಡುವಣ ಸಂದಿಗಳಲ್ಲಿ ಲೈಡಿಗ್ ಜೀವಕಣಗಳೆಂಬ ಬೇರೊಂದು ಬಗೆಯ ಕಣಗಳು ಗುಂಪುಗೂಡಿರುವುವು. ಗಂಡಿನ ಮುಖ್ಯ ಹಾರ್ಮೋನಾದ ಟೆಸ್ಟಾಸ್ಟಿರೋನನ್ನು ತಯಾರಿಸುವುದು ಇವು. ನಳಿಕೆಯ ಉತ್ಪನ್ನವು ನಾಳದ ದಾರಿ ಹಿಡಿದರೆ, ಸಂದಿಯ ಉತ್ಪನ್ನವು ರಕ್ತದ ದಾರಿ ಹಿಡಿಯುವುದು. ಒಂದು ಅಂಗ, ಎರಡು ಕಾರ್ಯ, ಎರಡು ಹೊರದಾರಿ. ಮುಂದೆ ಬರುವ ಎಲ್ಲ ವಿಷಯಕ್ಕೂ ಇದು ಬುನಾದಿಯಾದುದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕು.

ವೃಷಣಗಳು ದೇಹದ ಹೊರಗೆ ಒಂದು ಚರ್ಮದ ಚೀಲದಲ್ಲಿ ಏಕೆ ತೂಗಾಡುತ್ತಿರುವುವು? ಮನುಷ್ಯನಲ್ಲಿ ವೀರ್ಯಾಣುಗಳು ಸರಿಯಾಗಿ ಬೆಳೆಯಬೇಕಾದರೆ ದೇಹದ ಒಳ ಉಷ್ಣತೆಗಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ಕಡಿಮೆ ಉಷ್ಣತೆ ಬೇಕು. ಚಳಿಯಲ್ಲಿ ಚೀಲವು ಮುದುಡಿ ವೃಷಣಗಳನ್ನು ಮೈಗೆ ಹತ್ತಿರ ಎಳೆದುಕೊಳ್ಳುವುದು. ಸೆಕೆಯಲ್ಲಿ ಸಡಿಲವಾಗಿ ಕೆಳಗೆ ಬಿಡುವುದು. ಇನ್ನೊಂದು ಜಾಣ ಏರ್ಪಾಡೂ ಉಂಟು. ವೃಷಣಕ್ಕೆ ಬಿಸಿರಕ್ತವನ್ನು ತರುವ ಅಪಧಮನಿಯ ಸುತ್ತಲೂ, ತಂಪಾದ ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಗಳು ಬಳ್ಳಿಗಳಂತೆ ಹೆಣೆದುಕೊಂಡಿರುವುವು. ಎದುರುಬದುರಾಗಿ ಹರಿಯುವ ಎರಡು ಪ್ರವಾಹಗಳ ನಡುವೆ ಉಷ್ಣ ವಿನಿಮಯವಾಗಿ, ಒಳಬರುವ ರಕ್ತವು ವೃಷಣವನ್ನು ಮುಟ್ಟುವ ಮೊದಲೇ ತಣಿಯುವುದು. ಎಂಜಿನಿಯರರು ಕಾರ್ಖಾನೆಗಳಲ್ಲಿ ಬಳಸುವ ಉಷ್ಣವಿನಿಮಯ ಯಂತ್ರದ ತತ್ತ್ವವೂ ಇದೇ. ಆದರೆ ಇದನ್ನು ಎಲ್ಲ ಸ್ತನಿಗಳಿಗೂ ಅನ್ವಯಿಸುವ ನಿಯಮವೆಂದು ಭಾವಿಸಬಾರದು. ನಮ್ಮ ಕಾಡುಗಳ ಆನೆಯಲ್ಲಿ ವೃಷಣಗಳು ಉದರದೊಳಗೇ ಇರುವುವು.

ಮನುಷ್ಯ ಶಿಶುವಿನಲ್ಲಿಯೂ ವೃಷಣಗಳು ಮೊದಲು ರೂಪುಗೊಳ್ಳುವುದು ಉದರದಲ್ಲಿಯೇ. ಸಾಮಾನ್ಯವಾಗಿ ಹುಟ್ಟುವ ವೇಳೆಗೆ ಅವು ಚೀಲಕ್ಕೆ ಇಳಿದಿರುವುವು. ಆರು ತಿಂಗಳಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾದರೆ ಮುಂದಿನ ಬಂಜೆತನದ ಸಂಭವವೂ ಏಡಿಗಂತಿಯ ಅಪಾಯವೂ ಕಡಿಮೆಯಾಗುವುವು.

ವೀರ್ಯಾಣುವಿನ ಹಾದಿ

ನಳಿಕೆಯ ಗೋಡೆಯಲ್ಲಿ ಒಂದು ಮೂಲಕಣವು ವೀರ್ಯಾಣುವಾಗಿ ಮಾರ್ಪಡಲು ಎರಡು ತಿಂಗಳಿಗಿಂತ ಹೆಚ್ಚು ಕಾಲ ಬೇಕು. ಆದರೂ ಕಣಗಳ ಸಂಖ್ಯೆ ಅಪಾರವಾದುದರಿಂದ, ಆರೋಗ್ಯವಂತ ಪುರುಷನಲ್ಲಿ ಒಂದೊಂದು ಸೆಕೆಂಡಿಗೂ ಸಾವಿರದಷ್ಟು ವೀರ್ಯಾಣುಗಳು ಸಿದ್ಧವಾಗುತ್ತಿರುವುವು. ಒಂದು ವೀರ್ಯಾಣುವಿನ ಉದ್ದ ಸುಮಾರು 0.05 ಮಿಲಿಮೀಟರ್, ಅದರಲ್ಲಿ ಬಹುಭಾಗ ಬಾಲವೇ. ತಲೆಯಲ್ಲಿ ತಂದೆಯ ಪಾಲಿನ 23 ವರ್ಣತಂತುಗಳು ಅಡಕವಾಗಿರುವುವು. ಇವುಗಳಲ್ಲಿ ಒಂದು ಎಕ್ಸ್ ಅಥವಾ ವೈ. ತಾಯಿಯ ಅಂಡವು ಕೊಡುವುದು ಯಾವಾಗಲೂ ಎಕ್ಸ್. ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. ಹೆಣ್ಣು ಹೆತ್ತಳೆಂದು ಸೊಸೆಯನ್ನು ಹಳಿಯುವ ಮನೆಗಳಲ್ಲಿ ಈ ಒಂದು ವಾಕ್ಯವನ್ನಾದರೂ ಓದಿ ಹೇಳಬೇಕು.

ನಳಿಕೆಗಳನ್ನು ಬಿಟ್ಟ ವೀರ್ಯಾಣುಗಳು ವೃಷಣದ ಹಿಂಭಾಗಕ್ಕೆ ಅಂಟಿಕೊಂಡಿರುವ ಅಧಿವೃಷಣವನ್ನು ಸೇರುವುವು. ಇದು ಸುಮಾರು 6 ಮೀಟರ್ ಉದ್ದದ ಒಂದೇ ನಾಳ. ಮುದುರಿ ಕೆಲವೇ ಸೆಂಟಿಮೀಟರುಗಳಲ್ಲಿ ಅಡಗಿದೆ. ಇದರ ಮೂಲಕ ಹಾಯುವಾಗ ವೀರ್ಯಾಣುಗಳು ಪಕ್ವವಾಗಿ, ಈಜುವ ಶಕ್ತಿಯನ್ನು ಪಡೆಯುವುವು. ಅಲ್ಲಿಂದ ಮುಂದೆ ವೀರ್ಯನಾಳ. ಅದು ತೊಡೆಸಂದಿಯ ಮೂಲಕ ಉದರವನ್ನು ಹೊಕ್ಕು, ಮೂತ್ರಕೋಶವನ್ನು ಬಳಸಿ ಅದರ ಹಿಂಭಾಗಕ್ಕೆ ಬರುವುದು. ಅಲ್ಲಿ ವೀರ್ಯಕೋಶಗಳೆಂಬ ಎರಡು ಗ್ರಂಥಿಗಳ ದ್ರವವೂ, ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ದ್ರವವೂ ಕೂಡಿ ವೀರ್ಯವಾಗುವುದು. ಇದು ಶಿಶ್ನದ ನಡುವೆ ಸಾಗುವ ಮೂತ್ರವಿಸರ್ಜನ ನಾಳದ ಮೂಲಕವೇ ಹೊರಬರುವುದು. ಆ ವೇಳೆಯಲ್ಲಿ ಮೂತ್ರಕೋಶದ ಬಾಯಿ ಬಿಗಿದುಕೊಳ್ಳುವುದರಿಂದ ಎರಡು ದ್ರವಗಳೂ ಬೆರೆಯುವುದಿಲ್ಲ. ಪ್ರಾಸ್ಟೇಟ್ ಈ ನಾಳವನ್ನು ಬಳೆಯಂತೆ ಸುತ್ತಿಕೊಂಡಿರುವುದು. ವಯಸ್ಸಾದಂತೆ ಅದು ದೊಡ್ಡದಾಗಿ ನಾಳವನ್ನು ಅಮುಕುವುದುಂಟು. ನಮ್ಮ ಮನೆಗಳ ಹಿರಿಯರು ರಾತ್ರಿ ಹಲವು ಬಾರಿ ಏಳುವುದಕ್ಕೆ ಇದೊಂದು ಕಾರಣ.

ಟೆಸ್ಟಾಸ್ಟಿರೋನ್

ಇನ್ನು ರಕ್ತದ ದಾರಿಯನ್ನು ನೋಡೋಣ. ಬರ್ಟ್‌ಹೋಲ್ಡನು ಊಹಿಸಿದ ವಸ್ತುವನ್ನು ಶುದ್ಧರೂಪದಲ್ಲಿ ಪಡೆಯಲು 86 ವರ್ಷಗಳು ಬೇಕಾದುವು. 1935ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅರ್ನ್‌ಸ್ಟ್ ಲಾಕರ್ ಮತ್ತು ಆತನ ಸಂಗಡಿಗರು ಸುಮಾರು 100 ಕಿಲೋಗ್ರಾಂ ಹೋರಿಯ ವೃಷಣಗಳಿಂದ 10 ಮಿಲಿಗ್ರಾಂನಷ್ಟು ಹರಳನ್ನು ಬೇರ್ಪಡಿಸಿ ಅದಕ್ಕೆ ಟೆಸ್ಟಾಸ್ಟಿರೋನ್ ಎಂದು ಹೆಸರಿಟ್ಟರು. ಅದೇ ವರ್ಷ ಬೂಟೆನಾಂಟ್ ಮತ್ತು ರುಜೀಚ್ಕಾ ಎಂಬವರು ಬೇರೆ ಬೇರೆಯಾಗಿ ಅದನ್ನು ಕೊಲೆಸ್ಟರಾಲಿನಿಂದ ತಯಾರಿಸಿದರು. 1939ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕವು ಈ ಇಬ್ಬರಿಗೆ ಸಂದಿತು.

ವಯಸ್ಕ ಪುರುಷನ ರಕ್ತದ್ರವದಲ್ಲಿ ಲೀಟರಿಗೆ ಸುಮಾರು 3ರಿಂದ 10 ಮೈಕ್ರೋಗ್ರಾಂ ಟೆಸ್ಟಾಸ್ಟಿರೋನ್ ಇರುವುದು. ಲೀಟರಿಗೆ 5 ಮೈಕ್ರೋಗ್ರಾಂ ಎಂದಿಟ್ಟುಕೊಂಡರೆ, ಮೈಯಲ್ಲಿರುವ 3 ಲೀಟರ್ ರಕ್ತದ್ರವದಲ್ಲಿ 15 ಮೈಕ್ರೋಗ್ರಾಂ ಮಾತ್ರ. ಒಂದು ಮಿಲಿಗ್ರಾಂ ತೂಗುವ ಸಕ್ಕರೆಯ ಹರಳಿನಷ್ಟು ಬೇಕಾದರೆ ಅರವತ್ತಕ್ಕೂ ಹೆಚ್ಚು ಪುರುಷರ ರಕ್ತದ್ರವವನ್ನು ಕೂಡಿಸಬೇಕು!

ಇಷ್ಟು ಅಲ್ಪ ಪ್ರಮಾಣದ ವಸ್ತುವಿನ ಕಾರ್ಯವನ್ನು ಹದಿಹರೆಯದಲ್ಲಿ ಸ್ಪಷ್ಟವಾಗಿ ಕಾಣಬಹುದು. ಸಾಮಾನ್ಯವಾಗಿ 9ರಿಂದ 14 ವರ್ಷಗಳ ನಡುವೆ ಹುಡುಗನ ವೃಷಣಗಳು ಬೆಳೆಯತೊಡಗುವುವು. ಬಳಿಕ ಸ್ನಾಯುಗಳು ತುಂಬಿಕೊಳ್ಳುವುವು, ಮೀಸೆ ಚಿಗುರುವುದು, ಎತ್ತರ ಒಮ್ಮೆಲೆ ಏರುವುದು. ದನಿಪೆಟ್ಟಿಗೆ ದೊಡ್ಡದಾಗಿ ಧ್ವನಿತಂತುಗಳು ಉದ್ದವೂ ದಪ್ಪವೂ ಆಗುವುವು. ವೀಣೆಯ ದಪ್ಪ ತಂತಿಯು ತೆಳುವಾದ ತಂತಿಗಿಂತ ತಗ್ಗಿನ ಸ್ಥಾಯಿಯಲ್ಲಿ ನುಡಿಯುವಂತೆ, ಹುಡುಗನ ದನಿಯೂ ಇಳಿಯುವುದು. ಟೆಸ್ಟಾಸ್ಟಿರೋನಿನ ಒಂದಂಶವು ದೇಹದಲ್ಲಿಯೇ ಈಸ್ಟ್ರೋಜನ್ ಆಗಿ ಮಾರ್ಪಡುವುದು. ಹೆಣ್ಣಿನ ಹಾರ್ಮೋನೆಂದು ಹೆಸರಾದ ಇದೇ ಗಂಡಿನಲ್ಲಿಯೂ ಎಲುಬುಗಳ ತುದಿಯ ಬೆಳವಣಿಗೆಯ ಪಟ್ಟಿಗಳನ್ನು ಮುಚ್ಚಿ ಎತ್ತರವನ್ನು ನಿಲ್ಲಿಸುವುದು.

ಸುತ್ತಿ ಬರುವ ಆಜ್ಞೆ

ವೃಷಣಕ್ಕೆ ಕೆಲಸದ ಆಜ್ಞೆ ಬರುವುದು ಎಲ್ಲಿಂದ? ಮಿದುಳಿನ ತಳದಲ್ಲಿರುವ ಹೈಪೊಥಲಮಸ್ ಎಂಬ ಭಾಗವು ಒಂದೆರಡು ಗಂಟೆಗಳಿಗೊಮ್ಮೆ ಒಂದು ಹಾರ್ಮೋನನ್ನು ಮಿಡಿತಗಳಲ್ಲಿ ಬಿಡುವುದು. ಅದರಿಂದ ಎಚ್ಚರಗೊಂಡ ಪಿಟ್ಯುಟರಿ ಗ್ರಂಥಿಯು ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಸೇರಿಸುವುದು. ಒಂದು ಎಲ್‌ಎಚ್, ಇದು ಲೈಡಿಗ್ ಕಣಗಳಿಂದ ಟೆಸ್ಟಾಸ್ಟಿರೋನನ್ನು ಮಾಡಿಸುವುದು. ಇನ್ನೊಂದು ಎಫ್‌ಎಸ್‌ಎಚ್; ಇದು ಸರ್ಟೋಲಿ ಕಣಗಳನ್ನು ಪ್ರಚೋದಿಸುವುದು. ರಕ್ತದಲ್ಲಿ ಟೆಸ್ಟಾಸ್ಟಿರೋನ್ ಏರಿದಾಗ ಹೈಪೊಥಲಮಸ್ ಮತ್ತು ಪಿಟ್ಯುಟರಿಗಳು ಅದನ್ನು ಗ್ರಹಿಸಿ ತಮ್ಮ ಆಜ್ಞೆಯನ್ನು ತಗ್ಗಿಸುವುವು. ಇಳಿದಾಗ ಮತ್ತೆ ಹೆಚ್ಚಿಸುವುವು. ಸರ್ಟೋಲಿ ಕಣಗಳಿಂದ ಹೊರಡುವ ಇನ್‌ಹಿಬಿನ್ ಎಂಬುದು ಇದೇ ರೀತಿ ಎಫ್‌ಎಸ್‌ಎಚ್ಚನ್ನು ಹದದಲ್ಲಿಡುವುದು.

ಮನೆಯ ವಿದ್ಯುತ್ ಇಸ್ತ್ರಿಪೆಟ್ಟಿಗೆಯಲ್ಲಿ ನಡೆಯುವುದೂ ಇದೇ. ತಳ ಕಾದಾಗ ಜೋಡಿಲೋಹದ ಪಟ್ಟಿ ಬಾಗಿ ವಿದ್ಯುತ್ತನ್ನು ಕಡಿಯುವುದು. ತಣಿದಾಗ ನೆಟ್ಟಗಾಗಿ ಮತ್ತೆ ಹರಿಸುವುದು. ಈಗ ಯಾರಾದರೂ ಆ ಪಟ್ಟಿಗೆ ಮಾತ್ರ ಹೊರಗಿನಿಂದ ಬೆಂಕಿ ತೋರಿಸಿದರೆಂದು ಭಾವಿಸಿ. ಪೆಟ್ಟಿಗೆ ಕಾದಿದೆಯೆಂದು ಮೋಸಹೋಗಿ ಪಟ್ಟಿ ವಿದ್ಯುತ್ತನ್ನು ಕಡಿದೇ ಇಡುವುದು. ಪಟ್ಟಿ ಬಿಸಿ, ಪೆಟ್ಟಿಗೆ ತಣ್ಣಗೆ!

ಹೊರಗಿನಿಂದ ಬಂದ ಹಾರ್ಮೋನು

ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಟೆಸ್ಟಾಸ್ಟಿರೋನನ್ನೋ ಅದರ ಕೃತಕ ಸೋದರರಾದ ಸ್ಟಿರಾಯ್ಡುಗಳನ್ನೋ ಹೊರಗಿನಿಂದ ತುಂಬಿದಾಗ ಸ್ನಾಯುಗಳು ಬೆಳೆಯುವುದು ಸುಳ್ಳಲ್ಲ. ಆದರೆ ಅದೇ ವೇಳೆಗೆ ಮಿದುಳಿನ ನಿಯಂತ್ರಕವು ಮೋಸಹೋಗಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್‌ಗಳನ್ನು ನಿಲ್ಲಿಸುವುದು. ವೀರ್ಯಾಣುಗಳು ಬೆಳೆಯಲು ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಾಂದ್ರವಾದ ಟೆಸ್ಟಾಸ್ಟಿರೋನ್ ಇರಬೇಕು. ಅದನ್ನು ಲೈಡಿಗ್ ಕಣಗಳು ಅಲ್ಲಿಯೇ ತಯಾರಿಸಬೇಕಲ್ಲದೆ ಚುಚ್ಚುಮದ್ದು ಒದಗಿಸಲಾರದು. ರಕ್ತದಲ್ಲಿ ಸಮೃದ್ಧಿ, ವೃಷಣದಲ್ಲಿ ಬರಗಾಲ. ವೃಷಣಗಳು ಕುಗ್ಗುವುವು, ವೀರ್ಯಾಣುಗಳು ಇಲ್ಲವಾಗುವುವು.

ಇದು ಬರಿಯ ತರ್ಕವಲ್ಲ. ಗಂಡಸರಿಗಾಗಿ ಗರ್ಭನಿರೋಧಕವೊಂದನ್ನು ಹುಡುಕುತ್ತ ವಿಶ್ವ ಆರೋಗ್ಯ ಸಂಸ್ಥೆಯು ನಡೆಸಿದ ಪರೀಕ್ಷೆಯ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆ ಟೆಸ್ಟಾಸ್ಟಿರೋನ್ ಚುಚ್ಚಿಸಿಕೊಂಡ 271 ಆರೋಗ್ಯವಂತ ಪುರುಷರಲ್ಲಿ 157 ಮಂದಿಯ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲವಾದುವು. ಗಂಡಸುತನವನ್ನು ಹೆಚ್ಚಿಸುವುದೆಂದು ಮಾರಾಟವಾಗುವ ವಸ್ತುವು ಸಂತಾನನಿರೋಧಕವಾಗಿ ಪರೀಕ್ಷಿಸಲ್ಪಟ್ಟುದು! ಚುಚ್ಚುಮದ್ದನ್ನು ನಿಲ್ಲಿಸಿದ ಮೇಲೆ ಉತ್ಪಾದನೆ ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿ ಮರಳುವುದು; ಆದರೆ ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ಬಳಸಿದವರಲ್ಲಿ ಮರಳುವುದು ತಡವಾಗಬಹುದು, ಕೆಲವರಲ್ಲಿ ಪೂರ್ತಿಯಾಗದೆಯೂ ಇರಬಹುದು. ಇನ್ನೂ ಬೆಳೆಯುತ್ತಿರುವ ಹುಡುಗರಲ್ಲಿ ಎಲುಬಿನ ಪಟ್ಟಿಗಳು ಬೇಗನೆ ಮುಚ್ಚಿಕೊಂಡು ಎತ್ತರವೇ ಕುಂಠಿತವಾದೀತು. ಹೃದಯಕ್ಕೂ ಯಕೃತ್ತಿಗೂ ಹಾನಿಯುಂಟು. ವೃಷಣವು ನಿಜವಾಗಿ ಸೋತವರಿಗೆ ವೈದ್ಯರು ರಕ್ತಪರೀಕ್ಷೆ ಮಾಡಿ ಈ ಹಾರ್ಮೋನನ್ನು ಕೊಡುವುದು ಬೇರೆಯ ಮಾತು.

ಯೌವನವನ್ನು ಚುಚ್ಚಿ ತುಂಬುವ ಆಸೆ ಹೊಸದಲ್ಲ. 1889ರಲ್ಲಿ ಪ್ಯಾರಿಸಿನಲ್ಲಿ ಬ್ರೌನ್ ಸೇಕ್ವಾರ್ ಎಂಬ ಹೆಸರಾಂತ ಶರೀರಶಾಸ್ತ್ರಜ್ಞನು ತನ್ನ 72ನೆಯ ವಯಸ್ಸಿನಲ್ಲಿ ನಾಯಿ ಮತ್ತು ಗಿನಿಯಿಲಿಗಳ ವೃಷಣಗಳನ್ನು ಅರೆದು ತೆಗೆದ ನೀರಿನ ರಸವನ್ನು ತನಗೇ ಚುಚ್ಚಿಕೊಂಡು, ಕಳೆದುಹೋದ ಶಕ್ತಿ ಮರಳಿತೆಂದು ಸಾರಿದನು. ಊರೂರುಗಳಲ್ಲಿ ಅಂತಹ ರಸ ಮಾರಾಟಕ್ಕೆ ಬಂದಿತು. ಆದರೆ ಟೆಸ್ಟಾಸ್ಟಿರೋನ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಆಸ್ಟ್ರೇಲಿಯದ ವೈದ್ಯರು ಅವನ ಕ್ರಮದಂತೆಯೇ ರಸವನ್ನು ತಯಾರಿಸಿ ಅಳೆದು, ಯಾವ ಪರಿಣಾಮಕ್ಕೂ ಸಾಲದಷ್ಟು ಕಡಿಮೆ ಹಾರ್ಮೋನು ಅದರಲ್ಲಿದ್ದಿತೆಂದು 2002ರಲ್ಲಿ ಪ್ರಕಟಿಸಿದರು. ಆ ಮಹಾವಿಜ್ಞಾನಿಗೆ ಶಕ್ತಿ ಕೊಟ್ಟುದು ರಸವಲ್ಲ, ನಂಬಿಕೆ.

ಹುಸಿ ಭಯಗಳು, ನಿಜವಾದ ಎಚ್ಚರ

ನಂಬಿಕೆ ಶಕ್ತಿ ಕೊಡುವಂತೆ ಭಯ ಶಕ್ತಿಯನ್ನು ಕಸಿಯುವುದೂ ಉಂಟು. ನಲವತ್ತು ತೊಟ್ಟು ರಕ್ತದಿಂದ ಒಂದು ತೊಟ್ಟು ವೀರ್ಯವಾಗುವುದೆಂಬ ಮಾತನ್ನು ಕೇಳಿ, ನಿದ್ರೆಯಲ್ಲಿ ವೀರ್ಯ ಹೊರಬಂದುದಕ್ಕೆ ‘ಧಾತುಕ್ಷಯ’ವಾಯಿತೆಂದು ನಡುಗುವ ಹುಡುಗರು ಎಷ್ಟೋ ಮಂದಿ. ಗೋಡೆಗಳ ಮೇಲಿನ ಜಾಹೀರಾತುಗಳು ಬದುಕುವುದು ಈ ಭಯದಿಂದಲೇ. ವೀರ್ಯವು ರಕ್ತದಿಂದ ಭಟ್ಟಿಯಿಳಿಸಿದ ಸಾರವಲ್ಲ. ಒಂದು ಸಲಕ್ಕೆ ಹೊರಬರುವ 2ರಿಂದ 5 ಮಿಲಿಲೀಟರಿನಲ್ಲಿ ಹೆಚ್ಚಿನ ಪಾಲು ನೀರು, ಉಳಿದುದು ಸ್ವಲ್ಪ ಸಕ್ಕರೆ, ಪ್ರೋಟೀನು, ಲವಣಗಳು. ವೀರ್ಯಾಣುಗಳ ಪಾಲು ಹತ್ತರಲ್ಲಿ ಒಂದಕ್ಕೂ ಕಡಿಮೆ. ಸ್ವಪ್ನಸ್ಖಲನವು ರೋಗವಲ್ಲ, ಹರೆಯದ ದೇಹದ ಸಹಜ ಧರ್ಮ. ಅದಕ್ಕೆ ಔಷಧವೂ ಬೇಡ.

ಇನ್ನೊಂದು ಭಯ ಪುರುಷರ ಸಂತಾನಹರಣ ಚಿಕಿತ್ಸೆಯದು. ಇದರಲ್ಲಿ ವೀರ್ಯನಾಳಗಳನ್ನು ಕತ್ತರಿಸಿ ಕಟ್ಟುವರು. ಮುಚ್ಚುವುದು ನಾಳದ ದಾರಿ ಮಾತ್ರ. ರಕ್ತದ ದಾರಿಯನ್ನು ಯಾರೂ ಮುಟ್ಟುವುದಿಲ್ಲ. ಬರ್ಟ್‌ಹೋಲ್ಡನ ಹುಂಜದ ಉದರದಲ್ಲಿ ನಾಳದ ಸಂಬಂಧವಿಲ್ಲದ ವೃಷಣವು ಹಾರ್ಮೋನನ್ನು ಕಳುಹಿಸುತ್ತಿದ್ದಂತೆ, ಇಲ್ಲಿಯೂ ಟೆಸ್ಟಾಸ್ಟಿರೋನ್ ಮೊದಲಿನಂತೆಯೇ ಹರಿಯುವುದು. ಹೋರಿಯ ಬೀಜ ಒಡೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಬಲ ಕುಂದುವುದಿಲ್ಲ, ದನಿ ಬದಲಾಗುವುದಿಲ್ಲ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 37.9 ಮಂದಿ ತಾವೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೆ, ಗಂಡಂದಿರು ಮಾಡಿಸಿಕೊಂಡುದು ನೂರಕ್ಕೆ 0.3 ಮಾತ್ರ. ಸ್ತ್ರೀಯರದು ಉದರವನ್ನು ತೆರೆಯುವ, ಹೆಚ್ಚು ಕಷ್ಟದ ಚಿಕಿತ್ಸೆ. ಗಂಡಸರ ಒಂದು ತಪ್ಪು ತಿಳಿವಳಿಕೆಗೆ ಹೆಂಗಸರು ತೆರುತ್ತಿರುವ ಬೆಲೆಯಲ್ಲಿ ಇದೂ ಒಂದು.

ಭಯಪಡಬೇಕಾದ ಸಂಗತಿಯೊಂದನ್ನು ಕೊನೆಗೆ ಹೇಳಿಬಿಡಬೇಕು. ವೃಷಣವು ತನ್ನ ರಕ್ತನಾಳಗಳ ಎಳೆಯ ಮೇಲೆಯೇ ತಿರುಚಿಕೊಂಡು ರಕ್ತಸಂಚಾರ ನಿಂತುಹೋಗುವುದುಂಟು. ಹದಿಹರೆಯದಲ್ಲಿ ಇದು ಹೆಚ್ಚು. ಒಮ್ಮೆಲೆ ತೀವ್ರವಾದ ನೋವು, ಊತ, ಕೆಲವೊಮ್ಮೆ ಕಿಬ್ಬೊಟ್ಟೆಯ ನೋವು ಮತ್ತು ವಾಂತಿ ಇದರ ಲಕ್ಷಣಗಳು. ಸುಮಾರು ಆರು ಗಂಟೆಗಳ ಒಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣವು ಬಹುಮಟ್ಟಿಗೆ ಉಳಿಯುವುದು. ನಾಚಿಕೆಪಟ್ಟು ಬೆಳಗಾಗಲೆಂದು ಕಾದರೆ ಕಳೆದುಹೋಗುವುದು. ಅಂತಹ ವೇಳೆ ಹುಡುಗನು ತಾಯಿತಂದೆಯರನ್ನು ನಡುರಾತ್ರಿಯಲ್ಲಾದರೂ ಎಬ್ಬಿಸಿ ಹೇಳಬೇಕು.

ಮತ್ತೆ ಮೊದಲಿನ ಎತ್ತಿನ ಕಡೆಗೆ ತಿರುಗಿದರೆ, ಅದರ ಕೊರಳಿಗೂ ಗ್ರಂಥಿಗೂ ಇದ್ದ ಸಂಬಂಧ ಈಗ ತಿಳಿಯಿತಷ್ಟೆ: ರಕ್ತದಲ್ಲಿ ಹರಿಯುವ ಕೆಲವೇ ಮೈಕ್ರೋಗ್ರಾಂ ವಸ್ತು. ಅದನ್ನು ಹದದಲ್ಲಿಡುವ ಏರ್ಪಾಡು ನಮ್ಮ ದೇಹದಲ್ಲಿಯೇ ಇದೆ. ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನಾವು ಇಸ್ತ್ರಿಪೆಟ್ಟಿಗೆಯ ಚಿತ್ರವನ್ನು ಬರೆದು ತೋರಿಸಿದೆವು. ಆತನು ಸ್ವಲ್ಪ ಹೊತ್ತು ಅದನ್ನೇ ನೋಡಿ, “ಹಾಗಾದರೆ ನಾನು ಬೆಂಕಿ ತೋರಿಸುವುದು ಪಟ್ಟಿಗೆ, ಅಲ್ಲವೇ ಸಾರ್?” ಎಂದನು. ಪಾಠ ಅರ್ಥವಾಗಿದ್ದಿತು.